ಮುಂಬೈಯಾಗ ನೀರ ಬರಂಗಿಲ್ಲೇನ್ರಿ?

ಪರಊರಿನ ಬದುಕಿನ ಬಗ್ಗೆ ನಮ್ಮವರು ಬರೆದದ್ದನ್ನು ನಾನು ಸಿಕ್ಕಾಗಲೆಲ್ಲ ಓದುತ್ತಾ ಬಂದಿದ್ದೇನೆ. ಅದರಲ್ಲಿ ಲೋಕಲ್ ಟ್ರೇನು ಇರುತ್ತದೆ, ಚಾಳು ಇರುತ್ತದೆ, ಮಾಟುಂಗಾದ ಇಡ್ಲಿ-ಕಾಫಿ ಇರುತ್ತದೆ. ಊರಿನ ಜಾತ್ರೆಯ ನೆನಪು, ಕನ್ನಡ ಸಂಘದ ನಾಟಕ, ಮಳೆಗಾಲದಲ್ಲಿ ತುಂಬಿ ನಿಂತ ಹಳಿಗಳು ಎಲ್ಲವೂ ಇರುತ್ತವೆ. ಆದರೆ ಆ ಮನುಷ್ಯ ಉಟ್ಟ ಬಟ್ಟೆಯನ್ನು ಒಗೆದವರು ಯಾರು ಎನ್ನುವ ಮಾತು, ನಾನು ಓದಿದ ಮಟ್ಟಿಗೆ, ಬರುವುದು ಬಹಳ ಕಡಿಮೆ. ಊರಿಗೆ ನಾವು ಬರೆಯುತ್ತಿದ್ದ ಪತ್ರಗಳಲ್ಲೂ ಅಷ್ಟೇ. 'ನಾನು ಕ್ಷೇಮ, ನೀವೂ ಕ್ಷೇಮವೆಂದು ಭಾವಿಸುತ್ತೇನೆ' ಎಂದು ಬರೆದೆವೇ ಹೊರತು 'ಇವತ್ತು ಆರು ಅಂಗಿ, ಮೂರು ಪ್ಯಾಂಟು ಒಗೆದೆ, ರಟ್ಟೆ ನೋಯುತ್ತಿದೆ' ಎಂದು ಯಾರೂ ಬರೆಯಲಿಲ್ಲ.

ನಾನು ವಿಮರ್ಶಕನಲ್ಲ. ಎಂ.ಕಾಂ. ಓದಿ ಬ್ಯಾಂಕು ಸೇರಿ ಮೂವತ್ತೇಳು ವರ್ಷ ಲೆಕ್ಕ ನೋಡಿದವನು. ಆದರೆ ಲೆಕ್ಕ ನೋಡುವವನಿಗೆ ಒಂದು ಚಟ ಅಂಟಿಕೊಂಡಿರುತ್ತದೆ. ಪುಸ್ತಕದಲ್ಲಿ ಬರೆದಿರುವ ಎಂಟ್ರಿಗಿಂತ ಬರೆಯದೆ ಬಿಟ್ಟ ಎಂಟ್ರಿಯ ಮೇಲೆ ಅವನ ಕಣ್ಣು ಹೋಗುತ್ತದೆ. ಬಟ್ಟೆ ಒಗೆಯುವುದನ್ನು ನಮ್ಮ ಜಾಹೀರಾತುಗಳು, ಒಂದು ಸಿನಿಮಾ, ನಮ್ಮ ಪುರಾಣ-ವಚನ ಪರಂಪರೆ ಹೇಗೆ ತೋರಿಸಿವೆ ಎಂದು ಆ ಕಣ್ಣಿನಿಂದಲೇ ಇಲ್ಲಿ ನೋಡಿದ್ದೇನೆ. ಅವನ್ನೆಲ್ಲ ತಾಳೆ ಹಾಕಲು ನನ್ನ ಬಳಿ ಇರುವ ವೋಚರು ಒಂದೇ. ಮುಂಬೈಯ ಮುಲುಂಡಿನಲ್ಲಿ ಮೂರು ವರ್ಷ ಒಬ್ಬನೇ ಇದ್ದಾಗಿನ ನನ್ನ ಭಾನುವಾರದ ಬಕೆಟ್ಟು.

1994ರಲ್ಲಿ ಪ್ರಮೋಷನ್ ಜೊತೆಗೆ ಮುಂಬೈಗೆ ವರ್ಗವಾಯಿತು. ಮಕ್ಕಳ ಶಾಲೆ ಕೆಡಬಾರದೆಂದು ಹೆಂಡತಿ-ಮಕ್ಕಳನ್ನು ಹುಬ್ಬಳ್ಳಿಯಲ್ಲೇ ಬಿಟ್ಟು ನಾನೊಬ್ಬನೇ ಹೋದೆ. ಮುಲುಂಡಿನ ಒಂದು ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ ಒಂದು ಕೋಣೆ, ಒಂದು ಅಡಿಗೆಮನೆ. ಬೆಳಿಗ್ಗೆ ಹೊತ್ತು ಗೊತ್ತುಮಾಡಿದ ಹಾಗೆ ನೀರು ಬರುತ್ತಿತ್ತು. ಸೋಮವಾರದಿಂದ ಶನಿವಾರದವರೆಗೆ ಬಿಚ್ಚಿದ ಬಟ್ಟೆಯೆಲ್ಲ ಬಾಗಿಲ ಹಿಂದಿನ ಗೂಟಕ್ಕೆ, ಅಲ್ಲಿ ಜಾಗ ಸಾಲದಾದಾಗ ಕುರ್ಚಿಗೆ, ಅದೂ ತುಂಬಿದಾಗ ಮೂಲೆಗೆ. ಬ್ಯಾಂಕಿನ ಸಸ್ಪೆನ್ಸ್ ಅಕೌಂಟಿನ ಹಾಗೆ. ಎಲ್ಲಿಗೆ ಹಾಕಬೇಕೋ ತಿಳಿಯದ್ದನ್ನೆಲ್ಲ ಅದರಲ್ಲಿ ಹಾಕುವುದು, ಆಮೇಲೆ ಒಂದು ದಿನ ಕೂತು ಬಿಡಿಸುವುದು. ಆ ಒಂದು ದಿನವೇ ಭಾನುವಾರ.

ಒಗೆಯುವುದು ಅಂದರೆ ಒಂದು ಕೆಲಸ ಅಂದುಕೊಂಡಿದ್ದೆ. ಮಾಡಲು ಕೂತಾಗ ಅದು ಹತ್ತು ಕೆಲಸ ಎಂದು ತಿಳಿಯಿತು. ಮೊದಲು ಜೇಬು ನೋಡುವುದು. (ಒಂದು ಸಲ ನೋಡದೆ, ಲೋಕಲ್ ಟ್ರೇನಿನ ಮೂರು ತಿಂಗಳ ಪಾಸು ನೆನೆದು ಮುದ್ದೆಯಾಯಿತು. ಆಮೇಲೆ ಮರೆತಿಲ್ಲ.) ಬಿಳಿಯದನ್ನು ಬಣ್ಣದ್ದರಿಂದ ಬೇರೆ ಮಾಡುವುದು, ನೆನೆಹಾಕುವುದು, ಕಾಲರು-ಕಫ್ ಉಜ್ಜುವುದು, ಕುಕ್ಕುವುದು, ಜಾಲಿಸುವುದು, ಮತ್ತೆ ಜಾಲಿಸುವುದು, ಹಿಂಡುವುದು, ಕೊಡವುವುದು, ಹರವುವುದು, ಒಣಗಿದ ಮೇಲೆ ಎತ್ತಿ ಮಡಿಚುವುದು. ನಮ್ಮ ಭಾಷೆಯಲ್ಲಿ ಪ್ರತಿಯೊಂದಕ್ಕೂ ಬೇರೆ ಕ್ರಿಯಾಪದ ಇದೆ, ನೋಡಿ. ಒಂದು ಕೆಲಸಕ್ಕೆ ಇಷ್ಟು ಮಾತು ಹುಟ್ಟಬೇಕಾದರೆ ಅದನ್ನು ಎಷ್ಟು ಜನ, ಎಷ್ಟು ಕಾಲ ಮಾಡಿರಬೇಕು! ಎಂ.ಕಾಂ.ವರೆಗೆ ಓದಿದ ನನಗೆ ಈ ಮಾತುಗಳೆಲ್ಲ ಗೊತ್ತಿದ್ದವು. ಅವುಗಳ ತೂಕ ಗೊತ್ತಿರಲಿಲ್ಲ.

ತೂಕ ಎಂದರೆ ನಿಜವಾದ ತೂಕ. ನೆನೆದ ಹೊದಿಕೆಯನ್ನು ಒಬ್ಬನೇ ಹಿಂಡಲು ನೋಡಿದವನಿಗೆ ಗೊತ್ತು. ಒಂದು ತುದಿಯನ್ನು ನಲ್ಲಿಗೆ ಸುತ್ತಿ ಇನ್ನೊಂದು ತುದಿಯನ್ನು ತಿರುಚುತ್ತಾ ಹೋಗಬೇಕು. ನಮ್ಮ ಹಿತ್ತಲಲ್ಲಿ ಅವ್ವ ಮತ್ತು ಅಕ್ಕ ಎದುರುಬದುರು ನಿಂತು ಸೀರೆ ಹಿಂಡುತ್ತಿದ್ದದ್ದು ಆಗ ನೆನಪಾಗುತ್ತಿತ್ತು. ಅವರು ನಗುತ್ತಾ ಮಾಡುತ್ತಿದ್ದರು, ನಾನು ಅದನ್ನು ಆಟ ಅಂದುಕೊಂಡಿದ್ದೆ. ಇನ್ನು ಜೂನ್ ತಿಂಗಳಿಂದ ಮಳೆ ಹಿಡಿಯಿತೆಂದರೆ ಬಟ್ಟೆ ಒಣಗುವ ಮಾತೇ ಇಲ್ಲ. ಮುಂಬೈಯ ಮನೆಗಳಲ್ಲಿ ಸೂರಿಗೆ ರಾಟೆ ಕಟ್ಟಿ ಹಗ್ಗ ಎಳೆದರೆ ಮೇಲೇರುವ ಕೋಲುಗಳಿರುತ್ತವೆ. ಮೂರು ದಿನ ನನ್ನ ಅಂಗಿಗಳು ತಲೆಯ ಮೇಲೆ ತೂಗುತ್ತಿರುತ್ತಿದ್ದವು. ಆರದ ಬಟ್ಟೆಯ ಆ ಮುಗ್ಗುಲು ವಾಸನೆಯಲ್ಲೇ ಊಟ, ಅದರಲ್ಲೇ ನಿದ್ದೆ. ಒಟ್ಟು ಲೆಕ್ಕ ಹಾಕಿದರೆ ವಾರಕ್ಕೆ ಎರಡೂವರೆ ತಾಸು, ಹೊದಿಕೆಯ ವಾರ ಮೂರು ತಾಸು. ಅದೂ ಒಬ್ಬ ಮನುಷ್ಯನ ಬಟ್ಟೆಗೆ.

ಈಗ ಜಾಹೀರಾತಿಗೆ ಬರೋಣ. ನಮ್ಮ ಪೀಳಿಗೆಯವರಿಗೆ ಬಟ್ಟೆ ಒಗೆಯುವುದೆಂದರೆ ಮೊದಲು ಕಣ್ಣಮುಂದೆ ಬರುವುದೇ ದೂರದರ್ಶನದ ಎರಡು ಜಾಹೀರಾತುಗಳು. ಒಂದು ನಿರ್ಮಾ, ಇನ್ನೊಂದು ಸರ್ಫ್. ಅಹಮದಾಬಾದಿನ ಕರ್ಸನ್‌ಭಾಯ್ ಪಟೇಲರು 1969ರಲ್ಲಿ ಮನೆಯಲ್ಲೇ ಪುಡಿ ತಯಾರಿಸಿ, ಸೈಕಲ್ ಮೇಲೆ ಮನೆಮನೆಗೆ ಹೋಗಿ ಮಾರಿದ ಕತೆಯನ್ನು ಕಾಮರ್ಸ್ ಓದಿದವರೆಲ್ಲ ಕೇಳಿಯೇ ಇರುತ್ತಾರೆ. ಕಿಲೋಗೆ ಮೂರು ರೂಪಾಯಿಯ ಆಸುಪಾಸು. ಸರ್ಫ್ ಬೆಲೆ ಅದರ ನಾಲ್ಕು ಪಟ್ಟು. ನಿರ್ಮಾದ ಜಾಹೀರಾತಿನಲ್ಲಿ ಬಿಳಿ ಫ್ರಾಕ್ ತೊಟ್ಟ ಪುಟ್ಟ ಹುಡುಗಿ, ಬಾಯಿಂದ ಬಾಯಿಗೆ ಹಾರಿದ ಒಂದು ಹಾಡು. 80ರ ದಶಕದಲ್ಲಿ ಅದಕ್ಕೆ ಉತ್ತರವಾಗಿ ಸರ್ಫ್‌ನವರು ಇಳಿಸಿದ್ದು ಲಲಿತಾಜಿಯನ್ನು. ಆ ಪಾತ್ರ ಮಾಡಿದ ಕವಿತಾ ಚೌಧರಿ ಮುಂದೆ 'ಉಡಾನ್' ಧಾರಾವಾಹಿಯಲ್ಲಿ ಪೊಲೀಸ್ ಅಧಿಕಾರಿಯಾಗಿ ಹೆಸರು ಮಾಡಿದರು, 2024ರಲ್ಲಿ ತೀರಿಕೊಂಡರು.

ಲಲಿತಾಜಿಯದು ಅಚ್ಚುಕಟ್ಟಾದ ಕಾಸ್ಟಿಂಗ್ ಪಾಠ. ಅಗ್ಗದ್ದಕ್ಕೂ ಒಳ್ಳೆಯದಕ್ಕೂ ವ್ಯತ್ಯಾಸ ಇದೆ, ಅರ್ಧ ಕಿಲೋ ಸರ್ಫ್ ಒಂದು ಕಿಲೋ ಸಾದಾ ಪುಡಿಗೆ ಸಮ, ಆದ್ದರಿಂದ ಬೆಲೆ ಹೆಚ್ಚಾದರೂ ಖರ್ಚು ಹೆಚ್ಚಲ್ಲ ಎನ್ನುವುದು ಅವರ ವಾದ. ಮಾಸ್ತರರ ಹಾಗೆ ಖಡಾಖಡಿ ಮಾತು. ಹೆಂಗಸು ದುಡ್ಡಿನ ಬಗ್ಗೆ ತಲೆ ಉಪಯೋಗಿಸಿ ಮಾತಾಡುತ್ತಾಳೆ ಎಂಬುದನ್ನು ಅಷ್ಟು ಗೌರವದಿಂದ ತೋರಿಸಿದ ಜಾಹೀರಾತು ಅದಕ್ಕೆ ಮುಂಚೆ ನಾನು ಕಂಡಿರಲಿಲ್ಲ. ಆ ಮಟ್ಟಿಗೆ ಅದು ಒಳ್ಳೆಯ ಜಾಹೀರಾತು ಎಂದು ಇವತ್ತಿಗೂ ಹೇಳುತ್ತೇನೆ.

ಆದರೆ ಬಿ.ಕಾಂ. ವಿದ್ಯಾರ್ಥಿಗೂ ಗೊತ್ತಿರುವ ಒಂದು ವಿಷಯ ಇದೆ. ಉತ್ಪಾದನಾ ವೆಚ್ಚ ಎಂದರೆ ಬರೀ ಕಚ್ಚಾ ಸಾಮಗ್ರಿಯಲ್ಲ. ಸಾಮಗ್ರಿ, ಕೂಲಿ, ಮೇಲುಖರ್ಚು ಮೂರೂ ಸೇರಬೇಕು. ಲಲಿತಾಜಿಯ ಲೆಕ್ಕದಲ್ಲಿ ಪುಡಿ ಮಾತ್ರ ಇದೆ. ಅರ್ಧ ಕಿಲೋ ಆಗಲಿ ಒಂದು ಕಿಲೋ ಆಗಲಿ, ಉಜ್ಜುವ ಕೈ ಅದೇ, ಬಾಗುವ ಸೊಂಟ ಅದೇ, ಹೊತ್ತು ತರುವ ನೀರು ಅಷ್ಟೇ. ಆ ಕಾಲಂ ಖಾಲಿ. ಅದಕ್ಕೇ ಎರಡು ಕಂಪನಿಗಳೂ ಬಡಿದಾಡಿದ್ದು ಪುಡಿಯ ಬೆಲೆಯ ಮೇಲೆ ಮಾತ್ರ. ಆಮೇಲೆ 2000ದ ದಶಕದಲ್ಲಿ ಬಟ್ಟೆಗೆ ಕಲೆ ಹತ್ತುವುದೂ ಒಳ್ಳೆಯದೇ ಎಂಬ ಧಾಟಿಯ ಜಾಹೀರಾತು ಬಂತು. ಯಾರಿಗೋ ಉಪಕಾರ ಮಾಡಲು ಹೋಗಿ ಮಗು ಕೆಸರು ಮೆತ್ತಿಕೊಂಡು ಬರುತ್ತದೆ, ನೋಡಿದವರಿಗೆ ಮನಸ್ಸು ಕರಗುತ್ತದೆ. ನನಗೂ ಕರಗಿತು. ಆದರೆ ಮುಲುಂಡಿನ ಬಚ್ಚಲಲ್ಲಿ ಮೂರು ವರ್ಷ ಕೂತೆದ್ದವನಿಗೆ ತಕ್ಷಣ ಬಂದ ಯೋಚನೆ ಬೇರೆ. ಕಲೆ ಯಾರಿಗೆ ಒಳ್ಳೆಯದು? ಮಗುವಿಗೆ ಒಳ್ಳೆಯದಿರಬಹುದು, ಕಂಪನಿಗೆ ಖಂಡಿತ ಒಳ್ಳೆಯದು. ಉಜ್ಜುವವಳನ್ನು ಯಾರೂ ಕೇಳಿದ ಹಾಗೆ ಕಾಣಲಿಲ್ಲ.

ಸಿನಿಮಾ ಕೇಳಿದೆಯೇ? ಕಿರಣ್ ರಾವ್ ನಿರ್ದೇಶಿಸಿದ 'ಧೋಬಿ ಘಾಟ್' 2011ರ ಜನವರಿಯಲ್ಲಿ ಬಿಡುಗಡೆಯಾದಾಗ ನಾನು ಎರಡನೆಯ ಸಲ ಪರಊರಿನಲ್ಲಿ, ಪುಣೆಯಲ್ಲಿ, ಮತ್ತೆ ಒಬ್ಬನೇ ಇದ್ದೆ. ಹೆಸರು ನೋಡಿಯೇ ಟಿಕೆಟ್ ತೆಗೆಸಿದೆ. ಮಹಾಲಕ್ಷ್ಮಿ ಸ್ಟೇಷನ್ ಪಕ್ಕದ ಆ ಧೋಬಿ ಘಾಟನ್ನು ಸೇತುವೆಯ ಮೇಲಿಂದ ಎಷ್ಟೋ ಸಲ ನೋಡಿದ್ದೆ. 1890ರಲ್ಲಿ ಕಟ್ಟಿದ್ದು. ಸಾಲುಸಾಲು ಸಿಮೆಂಟಿನ ತೊಟ್ಟಿಗಳು, ಪ್ರತಿ ತೊಟ್ಟಿಗೂ ಒಂದು ಒಗೆಯುವ ಕಲ್ಲು, ಮೊಣಕಾಲುದ್ದ ನೀರಲ್ಲಿ ನಿಂತ ಗಂಡಸರು, ಮೇಲೆ ಇಡೀ ನಗರದ ಅಂಗಿ-ಚಾದರಗಳು ಹಗ್ಗದ ತುಂಬ. ಅಷ್ಟು ರಾಶಿಯಲ್ಲಿ ಯಾರ ಬಟ್ಟೆ ಯಾರದು ಎಂದು ತಪ್ಪದ ಹಾಗೆ ಒಳಮಡಿಕೆಯಲ್ಲಿ ಧೋಬಿಯ ಗುರುತು. ನಮ್ಮ ಲೆಡ್ಜರ್ ಫೋಲಿಯೋ ನಂಬರಿನ ಹಾಗೆ.

ಸಿನಿಮಾದಲ್ಲಿ ನಾಲ್ಕು ಜನ. ಬಿಹಾರದಿಂದ ಬಂದು ಧೋಬಿಯಾಗಿರುವ, ನಟನಾಗಬೇಕೆಂಬ ಆಸೆಯ ಮುನ್ನಾ. ಒಂಟಿಯಾಗಿ ಬದುಕುವ ಚಿತ್ರಕಾರ ಅರುಣ್. ಅಮೆರಿಕದಿಂದ ಬಿಡುವು ಪಡೆದು ಬಂದು ಮುಂಬೈಯ ಫೋಟೋ ತೆಗೆಯುವ ಶಾಯ್. ಮತ್ತು ಅರುಣ್ ಬಾಡಿಗೆಗೆ ಬಂದ ಮನೆಯಲ್ಲಿ ಹಿಂದೆ ಇದ್ದು, ತಮ್ಮನಿಗೆಂದು ಮಾಡಿದ ವಿಡಿಯೋ ಪತ್ರಗಳನ್ನು ಬಿಟ್ಟುಹೋದ ಯಾಸ್ಮೀನ್. ಅರುಣನ ಬಟ್ಟೆಯೂ ಶಾಯ್ ಬಟ್ಟೆಯೂ ಒಗೆಯಲು ಹೋಗುವುದು ಮುನ್ನಾನ ಕೈಗೆ. ನಾಲ್ವರೂ ಒಂದಲ್ಲ ಒಂದು ಬಗೆಯಲ್ಲಿ ಪರದೇಶಿಗಳೇ. ಪರಊರಿನ ಒಂಟಿತನವನ್ನು ಇಷ್ಟು ಮೆಲ್ಲಗೆ, ಗಲಾಟೆ ಇಲ್ಲದೆ ಹೇಳಿದ ಹಿಂದಿ ಸಿನಿಮಾ ಅಪರೂಪ.

ನನಗೆ ಬಹಳ ಹಿಡಿಸಿದ್ದು ಫೋಟೋದ ವಿಷಯ. ಶಾಯ್‌ಗೆ ಮುನ್ನಾ ಬಟ್ಟೆ ಒಗೆಯುತ್ತಿರುವ ಫೋಟೋ ಬೇಕು. ಮುನ್ನಾನಿಗೆ ಸಿನಿಮಾದವರಿಗೆ ತೋರಿಸಲು ಹೀರೋ ಥರದ ಫೋಟೋ ಬೇಕು. ಇಬ್ಬರೂ ಕೊಡು-ಕೊಳ್ಳುವ ಮಾತಾಡುತ್ತಾರೆ. ಅವನು ಯಾವುದನ್ನು ಮರೆಸಬೇಕೆನ್ನುತ್ತಾನೋ ಅದೇ ಅವಳಿಗೆ ಚಂದ ಕಾಣುತ್ತದೆ. ನಿರ್ದೇಶಕಿ ಇದನ್ನು ಎಲ್ಲೂ ಒತ್ತಿ ಹೇಳುವುದಿಲ್ಲ, ಆದರೆ ಎದೆಗೆ ತಾಗುತ್ತದೆ. ಸೇತುವೆಯ ಮೇಲೆ ನಿಂತು ಘಾಟನ್ನು ನೋಡಿ 'ಎಷ್ಟು ಚೆನ್ನಾಗಿದೆ' ಎಂದ ನಾನು ಕೂಡ ಶಾಯ್ ಪಕ್ಷದವನೇ ಆಗಿದ್ದೆ.

ತಕರಾರು ಇರುವುದು ಅರುಣನ ಮನೆಯ ಬಗ್ಗೆ. ಗಂಡಸು ಒಬ್ಬನೇ ಇರುವ ಮನೆ. ಅವನ ಕುಡಿತ, ಅವನ ಬಣ್ಣ, ಆ ಟೇಪುಗಳನ್ನು ನೋಡುತ್ತಾ ಅವನೊಳಗೆ ಏಳುವ ಕಳವಳ ಎಲ್ಲ ನಮಗೆ ಸಿಗುತ್ತವೆ. ಆದರೆ ಅವನ ಮಟ್ಟಿಗೆ ಬಟ್ಟೆ ಎನ್ನುವುದು ಗಂಟಾಗಿ ಹೋಗಿ ಮಡಿಕೆಯಾಗಿ ಬರುವ ವಸ್ತು. ಒಂಟಿತನದ ಕತೆಯಲ್ಲಿ ಒಂಟಿ ಮನುಷ್ಯನ ಕೈಕೆಲಸಕ್ಕೆ ಜಾಗವಿಲ್ಲ. ಮೂರು ವರ್ಷದ ಅನುಭವದಿಂದ ನನಗೆ ಅನ್ನಿಸುವುದು, ಒಂಟಿತನ ಹೆಚ್ಚು ಚುಚ್ಚುವುದು ಕಿಟಕಿಯ ಬಳಿ ಸಿಗರೇಟು ಹಿಡಿದು ನಿಂತಾಗ ಅಲ್ಲ. ಭಾನುವಾರ ಮಧ್ಯಾಹ್ನ ಒಂದೇ ಗಾತ್ರದ ಆರು ಅಂಗಿಗಳನ್ನು ಹಗ್ಗಕ್ಕೆ ಹಾಕುವಾಗ. ಪಕ್ಕದ ಮನೆಯ ಗ್ರಿಲ್ಲಿನಲ್ಲಿ ದೊಡ್ಡದು, ಚಿಕ್ಕದು, ಲಂಗ, ಫ್ರಾಕ್, ಸ್ಕೂಲ್ ಯೂನಿಫಾರ್ಮ್ ಎಲ್ಲ ಒಟ್ಟಿಗೆ ಹಾರಾಡುತ್ತಿರುತ್ತವೆ. ನನ್ನ ಹಗ್ಗದಲ್ಲಿ ನಾನೊಬ್ಬನೇ ಆರು ಸಲ.

ಸಿನಿಮಾ ಸರಿಯಾಗಿ ಹಿಡಿದದ್ದು ಇನ್ನೊಂದಿದೆ. ಬಟ್ಟೆ ಮುಟ್ಟುವವನಿಗೆ ನಮ್ಮ ಬದುಕು ಗೊತ್ತಿರುತ್ತದೆ, ನಮಗೆ ಅವನದು ಗೊತ್ತಿರುವುದಿಲ್ಲ. ಮುಲುಂಡಿನ ನಮ್ಮ ಕಟ್ಟಡದ ಮೆಟ್ಟಿಲ ಕೆಳಗೆ ಉತ್ತರ ಪ್ರದೇಶದ ಒಬ್ಬ ಇಸ್ತ್ರಿಯವನು ಇದ್ದ. ನಾನು ಒಗೆದದ್ದನ್ನು ಅವನು ಇಸ್ತ್ರಿ ಮಾಡುತ್ತಿದ್ದ. ಒಂದು ವಾರ ಜ್ವರ ಬಂದು ಮಲಗಿದ್ದಾಗ ಮೂರನೇ ಮಹಡಿ ಹತ್ತಿ ಬಂದು ಬಾಗಿಲು ಬಡಿದವನು ಅವನೊಬ್ಬನೇ. 'ಸಾಹೇಬರ ಅಂಗಿ ಬರಲಿಲ್ಲ, ಅದಕ್ಕೆ ನೋಡಲು ಬಂದೆ' ಅಂದ. ಆಫೀಸಿನವರಿಗೆ ನನ್ನ ರಜಾ ಅರ್ಜಿ ಮುಟ್ಟುವ ಮೊದಲೇ ಅವನಿಗೆ ನನ್ನ ಗೈರುಹಾಜರಿ ಗೊತ್ತಾಗಿತ್ತು. ಅದೇ ಅವನು ಒಂದು ತಿಂಗಳು ಊರಿಗೆ ಹೋದಾಗ ನಾನು ಗಮನಿಸಿದ್ದು ಏನು? ಅಂಗಿ ಸುಕ್ಕಾಗಿದೆ ಎಂಬುದನ್ನು. ಅವನ ಹೆಸರು ಕೇಳಿದ್ದೂ ಎರಡನೇ ವರ್ಷದಲ್ಲಿ.

ಇದು ಮುಂಬೈಯ ಸಮಾಚಾರ ಮಾತ್ರ ಅನ್ನುವಂತಿಲ್ಲ. ನಮ್ಮದೇ ಪರಂಪರೆಯನ್ನು ತೆಗೆದುನೋಡಿ. ಜನರ ಬಾಯಲ್ಲಿರುವ ರಾಮಾಯಣದಲ್ಲಿ ಅಗಸ ಬರುವುದು ಒಂದು ಕೆಟ್ಟ ಮಾತು ಆಡಲಿಕ್ಕೆ. ಆ ಮಾತಿಗೆ ಸೀತೆ ಕಾಡು ಸೇರುತ್ತಾಳೆ. ಅವನು ಹೊತ್ತ ಗಂಟು ಯಾರಿಗೂ ನೆನಪಿಲ್ಲ, ಆಡಿದ ಮಾತು ಮಾತ್ರ ನೆನಪು. ಇನ್ನು 'ಮಡಿ' ಎಂಬ ಶಬ್ದ. ಒಗೆದು ಶುಭ್ರ ಮಾಡಿದ್ದು ಮಡಿ, ಮಾಡುವವನು ಮಡಿವಾಳ. ಆದರೆ ಮಡಿ ಉಟ್ಟವರು ಮುಟ್ಟಿಸಿಕೊಳ್ಳಬಾರದವರ ಪಟ್ಟಿಯಲ್ಲಿ ಮಡಿವಾಳನನ್ನೂ ಸೇರಿಸಿದ್ದರು. ಸರಕು ಒಳಗೆ, ಸರಕು ತಯಾರಿಸಿದವನು ಹೊರಗೆ. ಇದಕ್ಕಿಂತ ಅನ್ಯಾಯದ ಬ್ಯಾಲೆನ್ಸ್ ಶೀಟನ್ನು ನಾನು ಕಂಡಿಲ್ಲ.

ಇದನ್ನು ತಿರುಗಿಸಿ ಹಾಕಿದವರು ಹನ್ನೆರಡನೆಯ ಶತಮಾನದ ಮಡಿವಾಳ ಮಾಚಯ್ಯನವರು. ವಿಜಯಪುರ ಜಿಲ್ಲೆಯ ದೇವರಹಿಪ್ಪರಗಿಯಿಂದ ಕಲ್ಯಾಣಕ್ಕೆ ಬಂದು ಶರಣರ ಬಟ್ಟೆ ಒಗೆಯುವುದನ್ನೇ ಕಾಯಕ ಮಾಡಿಕೊಂಡವರು. ದುಡಿದು ಉಣ್ಣುವವರ ಬಟ್ಟೆಯನ್ನು ಮಾತ್ರ ಒಗೆಯುತ್ತಿದ್ದರು, ದುಡಿಯದವನ ಬಟ್ಟೆ ಮುಟ್ಟುತ್ತಿರಲಿಲ್ಲ ಎಂದು ಪ್ರತೀತಿ. ಇದರ ಅರ್ಥವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಒಗೆಯುವವನೇ ಗಿರಾಕಿಯನ್ನು ಆರಿಸುತ್ತಾನೆ! ನಿನ್ನ ಕೊಳೆ ನನ್ನ ಕೈಗೆ ಬರುವ ಯೋಗ್ಯತೆ ಉಳ್ಳದ್ದೋ ಎಂದು ಅವನು ಕೇಳುತ್ತಾನೆ. ಲಲಿತಾಜಿಗೆ, ಮುನ್ನಾನಿಗೆ ಇಲ್ಲದ ಅಧಿಕಾರ ಅದು. ನಮ್ಮ ಮನೆಯಲ್ಲಿ ಮಾಚಯ್ಯನವರ ಕತೆಯನ್ನು ಚಿಕ್ಕಂದಿನಿಂದ ಕೇಳಿದ್ದೆ. ಅದನ್ನು ಭಕ್ತಿಯ ಕತೆ ಎಂದೇ ತಿಳಿದಿದ್ದೆ. ಒಂದು ದಿನ ಆ ಪ್ರಶ್ನೆ ನನ್ನ ಚೀಲಕ್ಕೇ ಬಂತು.

ಚೀಲದ ವಿಷಯವನ್ನು ಇಲ್ಲಿಯವರೆಗೆ ಹೇಳಿಲ್ಲ. ಮುಂಬೈಗೆ ಹೋದ ಮೊದಲ ವರ್ಷ ನಾನು ಭಾನುವಾರ ಬಟ್ಟೆ ಒಗೆಯುತ್ತಿರಲಿಲ್ಲ. ಬನಿಯನ್ನು, ಕರವಸ್ತ್ರದಂಥ ಸಣ್ಣಪುಟ್ಟದ್ದನ್ನು ಸ್ನಾನದ ಹೊತ್ತಿಗೆ ಹಿಂಡಿ ಹಾಕುತ್ತಿದ್ದೆ. ಅಂಗಿ, ಪ್ಯಾಂಟು, ಹೊದಿಕೆ ಎಲ್ಲ ಒಂದು ದೊಡ್ಡ ರೆಕ್ಸಿನ್ ಚೀಲಕ್ಕೆ. ತಿಂಗಳಿಗೊಮ್ಮೆ ಶುಕ್ರವಾರ ರಾತ್ರಿ ಬಸ್ಸು ಹತ್ತಿ ಆ ಚೀಲದ ಸಮೇತ ಹುಬ್ಬಳ್ಳಿಗೆ ಹೋಗುತ್ತಿದ್ದೆ. ಭಾನುವಾರ ರಾತ್ರಿ ಒಗೆದು ಮಡಿಚಿಟ್ಟ ಚೀಲ ಹೊತ್ತು ವಾಪಸು. ತಿಂಗಳಿಗಾಗುವಷ್ಟು ಅಂಗಿಗಳನ್ನೇ ಹೊಲಿಸಿಕೊಂಡಿದ್ದೆ. ಧೋಬಿಗೋ ಕೆಲಸದ ಬಾಯಿಗೋ ಕೊಟ್ಟರೆ ತಿಂಗಳಿಗೆ ಇಷ್ಟು ಎಂದು ಲೆಕ್ಕ ಹಾಕಿ, ಅದು ಉಳಿತಾಯ ಎಂದುಕೊಂಡಿದ್ದೆ. ಅಷ್ಟೇ ಅಲ್ಲ, ಇದರಲ್ಲಿ ಒಂದು ಪ್ರೀತಿ ಇದೆ ಎಂದೂ ಅಂದುಕೊಂಡಿದ್ದೆ. ಹೆಂಡತಿ ಒಗೆದ ಅಂಗಿ ತೊಟ್ಟರೆ ಮನೆಯೇ ಜೊತೆಗಿದ್ದ ಹಾಗೆ, ಇತ್ಯಾದಿ. ಪರಊರಿನ ಗಂಡಸರ ಬರವಣಿಗೆಯಲ್ಲಿ ಇಂಥ ಸಾಲುಗಳು ಬಂದಾಗ ಈಗ ನನಗೆ ಸ್ವಲ್ಪ ಅನುಮಾನ.

ಏಕೆಂದರೆ ಆಗ ಹುಬ್ಬಳ್ಳಿಯಲ್ಲಿ ನೀರಿನ ಪರಿಸ್ಥಿತಿ ಹೇಗಿತ್ತು ಎಂಬುದು ಅಲ್ಲಿದ್ದವರಿಗೆ ಗೊತ್ತು. ನೀರಸಾಗರದ ಕೆರೆ, ಮಲಪ್ರಭೆಯ ನೀರು ಎರಡೂ ಸೇರಿದರೂ ಊರಿಗೆ ಸಾಲುತ್ತಿರಲಿಲ್ಲ. ನಮ್ಮ ಓಣಿಗೆ ನಾಲ್ಕೈದು ದಿನಕ್ಕೊಮ್ಮೆ ನಲ್ಲಿ. ಅದೂ ಕೆಲವು ಸಲ ನಡುರಾತ್ರಿ. ಬ್ಯಾರಲ್ಲು, ಕೊಡ, ಪಾತೇಲಿ, ಕಡೆಗೆ ಚರಿಗೆಯವರೆಗೆ ತುಂಬಿಡುವುದು. ಮಕ್ಕಳಿಗೆ ಒಂದೊಂದು ತಂಬಿಗೆಯ ಲೆಕ್ಕ.

1995ರ ಬೇಸಿಗೆ. ಶನಿವಾರ ಬೆಳಿಗ್ಗೆ ಬಂದಿಳಿದು ಎಂದಿನಂತೆ ಚೀಲವನ್ನು ಹಿತ್ತಲ ಬಾಗಿಲ ಬಳಿ ಇಟ್ಟು ಚಹಾ ಕುಡಿಯುತ್ತಾ ಕೂತೆ. ನಲ್ಲಿ ಬಂದು ಆರನೇ ದಿನವಂತೆ. ಬ್ಯಾರಲ್ಲಿನ ತಳದಲ್ಲಿ ಒಂದು ಮೊಳ ನೀರು. ಆಕೆ ಚೀಲದ ಜಿಪ್ಪು ಎಳೆದು ನೋಡಿದಳು, ಬ್ಯಾರಲ್ಲು ನೋಡಿದಳು, ಆಮೇಲೆ ನನ್ನನ್ನು ನೋಡಿ ಕೇಳಿದಳು:

"ಮುಂಬೈಯಾಗ ನೀರ ಬರಂಗಿಲ್ಲೇನ್ರಿ?"

ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿ ತಿಳಿದುಕೊಳ್ಳಲು ಕೇಳಿದ ಹಾಗೇ ಇತ್ತು. ನಾನು ದಿನಾ ಬೆಳಿಗ್ಗೆ ನಲ್ಲಿ ಬಿಟ್ಟು ಸ್ನಾನ ಮಾಡಿ ಬರುವ ಊರಿನಿಂದ, ಐದು ದಿನಕ್ಕೊಮ್ಮೆ ನೀರು ಕಾಣುವ ಊರಿಗೆ, ಅಷ್ಟು ದೂರ ಕೊಳೆ ಬಟ್ಟೆ ಹೊತ್ತು ತಂದಿದ್ದೆ. ಒಂದು ವರ್ಷ ತಂದಿದ್ದೆ. ನಾನು ಉಳಿತಾಯ ಎಂದು ಬರೆದುಕೊಂಡದ್ದೆಲ್ಲ ನನ್ನ ಖಾತೆಯಿಂದ ಆಕೆಯ ಖಾತೆಗೆ ವರ್ಗ ಮಾಡಿದ ಖರ್ಚು. ನೀರೂ ಆಕೆಯದು, ಸೊಂಟವೂ ಆಕೆಯದು. "ಬರತೈತಿ" ಅಂದೆ. "ಹಂಗಾರ ಬಿಡ್ರಿ, ನಾಳೆ ನೀರ ಬಂದರ ಒಗದ ಕೊಡತೇನಿ" ಅಂದಳು. ಭಾನುವಾರವೂ ನೀರು ಬರಲಿಲ್ಲ. ಚೀಲವನ್ನು ಹಾಗೇ ಹೊತ್ತು ವಾಪಸು ಬಂದೆ. ಮುಂದಿನ ಭಾನುವಾರ ಮುಲುಂಡಿನಲ್ಲಿ ಬಕೆಟ್ಟಿನ ಮುಂದೆ ಕೂತೆ. ಮೊದಲ ಸಲ ಬಿಳಿಯದನ್ನೂ ಮರೂನ್ ಟವೆಲನ್ನೂ ಒಟ್ಟಿಗೆ ನೆನೆಹಾಕಿ ಮೂರು ಅಂಗಿಗಳು ಗುಲಾಬಿ ಬಣ್ಣಕ್ಕೆ ತಿರುಗಿದವು. ಅವನ್ನೇ ತೊಟ್ಟು ಬ್ಯಾಂಕಿಗೆ ಹೋದೆ.

ಇಷ್ಟು ಹೇಳಿದ ಮೇಲೆ ಇನ್ನೊಂದು ಜಾಹೀರಾತಿನ ಮಾತು ಹೇಳಲೇಬೇಕು. 2016ರಲ್ಲಿ ಏರಿಯಲ್ ಪುಡಿಯವರದು ಒಂದು ಬಂತು. ಜಗತ್ತಿನಾದ್ಯಂತ ಜನ ನೋಡಿದರು, ಹಂಚಿಕೊಂಡರು. ವಯಸ್ಸಾದ ತಂದೆ ಮಗಳ ಮನೆಗೆ ಬಂದಿದ್ದಾನೆ. ಆಫೀಸಿನಿಂದ ಬಂದ ಮಗಳು ಫೋನು, ಅಡಿಗೆ, ಮಗು, ಬಟ್ಟೆ ಎಲ್ಲವನ್ನೂ ಒಬ್ಬಳೇ ಸಂಭಾಳಿಸುತ್ತಾಳೆ. ಅಳಿಯ ಕೂತಿದ್ದಾನೆ. ತಂದೆ ಮಗಳಿಗೆ ಪತ್ರ ಬರೆಯುತ್ತಾನೆ. ನಾನು ನಿನ್ನ ಅಮ್ಮನಿಗೆ ಕೈ ಜೋಡಿಸಲಿಲ್ಲ, ನೀನು ಅದನ್ನೇ ನೋಡಿ ಕಲಿತೆ, ನನ್ನನ್ನು ಕ್ಷಮಿಸು ಎಂಬ ಅರ್ಥದ ಪತ್ರ. ಕೊನೆಗೆ ತನ್ನ ಮನೆಗೆ ಮರಳಿ, ಪ್ರಯಾಣದ ಬಟ್ಟೆಗಳನ್ನು ತಾನೇ ತೆಗೆದು ವಾಷಿಂಗ್ ಮೆಷಿನ್ನಿಗೆ ಹಾಕುತ್ತಾನೆ.

ನನ್ನ ವಯಸ್ಸಿನ ಗಂಡಸರನ್ನು ಅಲ್ಲಾಡಿಸಿದ ಜಾಹೀರಾತು ಅದು. ಪೆಟ್ಟಿಗೆಯಿಂದ ಬಟ್ಟೆ ತೆಗೆಯುವುದನ್ನು ನೋಡಿದಾಗ ನನ್ನ ರೆಕ್ಸಿನ್ ಚೀಲವೇ ಕಣ್ಣಿಗೆ ಬಂತು, ಅದನ್ನು ಒಪ್ಪಿಕೊಳ್ಳುತ್ತೇನೆ. ಖಾಲಿ ಬಿಟ್ಟಿದ್ದ ಕೂಲಿಯ ಕಾಲಮ್ಮನ್ನು ಒಂದು ಪುಡಿಯ ಜಾಹೀರಾತು ತುಂಬಲು ನೋಡಿದ್ದನ್ನು ನಾನು ಕಂಡದ್ದು ಅದೇ ಮೊದಲು. ಆದರೂ ಎರಡು ಆಕ್ಷೇಪಗಳಿವೆ. ಒಂದು, ಕ್ಷಮೆ ಕೇಳಿದ್ದು ಮಗಳನ್ನು. ಮೂವತ್ತು-ನಲವತ್ತು ವರ್ಷ ಒಗೆದವಳು ಹೆಂಡತಿ. ಸಾಲ ಒಬ್ಬರದು, ತೀರಿಸಿದ್ದು ಇನ್ನೊಬ್ಬರ ಖಾತೆಗೆ. ಮಗಳಿಗೆ ಬರೆಯುವುದು ಸುಲಭ. ಎದುರಿಗೆ ಇರುವವಳಿಗೆ ಹೇಳುವುದು ಕಷ್ಟ. ಎರಡು, ಮೆಷಿನ್ನಿಗೆ ಬಟ್ಟೆ ಹಾಕುವುದು ಆ ಹತ್ತು ಕ್ರಿಯಾಪದಗಳಲ್ಲಿ ಒಂದೂ ಅಲ್ಲ. ಅದೊಂದು ಹನ್ನೊಂದನೆಯದು, ಎಲ್ಲಕ್ಕಿಂತ ಹಗುರವಾದದ್ದು. ಗುಂಡಿ ಒತ್ತಿದ್ದನ್ನೇ ಪಶ್ಚಾತ್ತಾಪ ಎಂದು ಜಮಾ ಮಾಡಿಕೊಂಡರೆ ಲೆಕ್ಕ ಬೇಗ ಮುಗಿಯುತ್ತದೆ, ತಾಳೆ ಆಗುವುದಿಲ್ಲ.

ಹಾಗಾದರೆ ನೀವು ಹೇಳಿದಿರೇನು ಎಂದು ಓದುಗರು ಕೇಳಬಹುದು. ನಾನೂ ಹೇಳಲಿಲ್ಲ. 1995ರಲ್ಲಿ ಹೇಳಲಿಲ್ಲ, ಆಮೇಲೂ ಬಾಯಿಬಿಟ್ಟು ಹೇಳಿಲ್ಲ. ಮುಂದಿನ ತಿಂಗಳು ಖಾಲಿ ಕೈಯಲ್ಲಿ ಊರಿಗೆ ಹೋದಾಗ ಆಕೆ ಹಿತ್ತಲ ಬಾಗಿಲ ಬಳಿ ಚೀಲ ಹುಡುಕಿದಳು. "ಅರಿವಿ ಎಲ್ಲಿ?" ಅಂದಳು. "ನಾನ ಒಗದೇನಿ" ಅಂದೆ. ನನ್ನ ಅಂಗಿಯ ಕಾಲರು ಹಿಡಿದು ತಿರುಗಿಸಿ ನೋಡಿ, "ಇದನ್ನ ಒಗದದ್ದು ಅಂತಾರೇನ್ರಿ?" ಅಂದಳು. ಆವತ್ತು ಕಾಲರು ಉಜ್ಜುವುದು ಹೇಗೆಂದು ತೋರಿಸಿಕೊಟ್ಟಳು, ಬ್ರಷ್ಷನ್ನು ಒಂದೇ ದಿಕ್ಕಿಗೆ ಎಳೆಯಬೇಕು, ಹಿಂದೆಮುಂದೆ ತಿಕ್ಕಿದರೆ ಅಂಚು ಹರಿಯುತ್ತದೆ ಎಂದು. ನಮ್ಮಿಬ್ಬರ ನಡುವೆ ಆ ವಿಷಯದಲ್ಲಿ ನಡೆದ ಮಾತುಕತೆ ಇಷ್ಟೇ.

ಪರಊರಿನ ಬದುಕು ನಮಗೆ ಏನು ಕೊಡುತ್ತದೆ ಎಂದರೆ ಬಹಳ ಜನ ದೊಡ್ಡ ದೊಡ್ಡ ಮಾತು ಹೇಳುತ್ತಾರೆ, ಅನುಭವ, ವಿಶಾಲ ದೃಷ್ಟಿ, ನಾಲ್ಕು ಭಾಷೆ. ಇರಬಹುದು. ನನಗೆ ಅದು ಮನೆಯ ಲೆಕ್ಕಪತ್ರದಲ್ಲಿ ಯಾವ ಎಂಟ್ರಿ ಬಿಟ್ಟುಹೋಗಿತ್ತು ಎಂಬುದನ್ನು ತೋರಿಸಿತು. ಮನೆಯಲ್ಲಿದ್ದರೆ ಅದು ಕಾಣುತ್ತಿರಲಿಲ್ಲ. ಅಲ್ಲಿ ಬಟ್ಟೆ ತಾನಾಗಿಯೇ ಶುಭ್ರವಾಗುತ್ತಿತ್ತು. ಜಾಹೀರಾತುಗಳೂ ನಮಗೆ ಅಷ್ಟು ವರ್ಷ ಹೇಳಿದ್ದು ಅದನ್ನೇ: ಪುಡಿ ಹಾಕಿ, ತಾನಾಗಿಯೇ ಆಗುತ್ತದೆ. ತಾನಾಗಿಯೇ ಆಗುವುದು ಕೊಳೆ ಒಂದೇ.

ಈಗ ನಿವೃತ್ತನಾಗಿ ಹುಬ್ಬಳ್ಳಿಯಲ್ಲೇ ಇದ್ದೇನೆ. ಮನೆಯಲ್ಲಿ ಮೆಷಿನ್ ಇದೆ. ಅದಕ್ಕೆ ಬಟ್ಟೆ ಹಾಕುವುದು, ತೆಗೆದು ಕೊಡವಿ ಮಾಳಿಗೆಯ ಮೇಲೆ ಹರವುವುದು ನನ್ನ ಪಾಲಿನದು. ಕಾಲರು ಮಾತ್ರ ಮೊದಲೇ ಕೈಯಲ್ಲಿ ಉಜ್ಜಬೇಕು ಎಂದು ಆಕೆಯ ಕಾನೂನು. ಉಜ್ಜಿ ತೋರಿಸುತ್ತೇನೆ. ಬೆಳಕಿಗೆ ಹಿಡಿದು ನೋಡುತ್ತಾಳೆ. ಹತ್ತರಲ್ಲಿ ಮೂರು ಇವತ್ತಿಗೂ ವಾಪಸು ಬರುತ್ತವೆ.